ಪಹಣಿಯ ಚುಕ್ಕಿ, ಕ್ಯಾಲ್ಕುಲೇಟರಿನ ಚುಕ್ಕಿ

ಪಹಣಿಯಲ್ಲಿ 1.30 ಅಂತ ಇದ್ದರೆ ಅದು ಒಂದು ಎಕರೆ ಮೂವತ್ತು ಗುಂಟೆ, ಅಂದರೆ ಒಂದೂಮುಕ್ಕಾಲು ಎಕರೆ. ನಲವತ್ತು ಗುಂಟೆಗೆ ಒಂದು ಎಕರೆ ಅಂತ ನಮಗೆಲ್ಲ ಗೊತ್ತು. ಕ್ಯಾಲ್ಕುಲೇಟರಿಗೆ ಗೊತ್ತಿಲ್ಲ. ಅದರ ಲೆಕ್ಕದಲ್ಲಿ ಚುಕ್ಕಿಯಿಂದಾಚೆಯ 30 ಎಂದರೆ ನೂರರಲ್ಲಿ ಮೂವತ್ತು ಪಾಲು.

ಮೂರು ಕಡೆ ಜಮೀನಿದೆ ಅನ್ನಿ: 1.30, 2.25, 0.35. ಹಾಗೇ ಒತ್ತಿ ಕೂಡಿಸಿದರೆ 3.90 ಬರುತ್ತದೆ. ‘ನಾಲ್ಕು ಎಕರೆಗೆ ಸ್ವಲ್ಪ ಕಮ್ಮಿ’ ಅಂತ ಬೀಜ, ಗೊಬ್ಬರ ತಂದರೆ ಮೂರನೇ ತುಂಡು ಮುಟ್ಟುವ ಮೊದಲೇ ಚೀಲ ಖಾಲಿ! ಎಕರೆ ಬೇರೆ, ಗುಂಟೆ ಬೇರೆ ಕೂಡಿಸಬೇಕು. ಎಕರೆ 3, ಗುಂಟೆ 90. ತೊಂಬತ್ತರಲ್ಲಿ ಎರಡು ನಲವತ್ತು ತೆಗೆದರೆ ಹತ್ತು ಉಳಿಯಿತು. ಒಟ್ಟು 5 ಎಕರೆ 10 ಗುಂಟೆ.

ಹಿರಿಯರು ಇದನ್ನು ಬಾಯಲ್ಲೇ ಮಾಡುತ್ತಿದ್ದರು. ಕಾಲೆಕರೆ ಹತ್ತು ಗುಂಟೆ, ಅರೆಕಾಲು ಅಂದರೆ ಐದು. ಹಾಗಾಗಿ ಮೇಲಿನದ್ದು ಒಂದೂಮುಕ್ಕಾಲು; ಎರಡೂವರೆ ಮೇಲೆ ಅರೆಕಾಲು; ಮುಕ್ಕಾಲರ ಮೇಲೆ ಅರೆಕಾಲು. ಮುಕ್ಕಾಲಿಗೆ ಮುಕ್ಕಾಲು ಸೇರಿ ಒಂದೂವರೆ, ಅದಕ್ಕೆ ಅರೆ ಸೇರಿ ಎರಡು, ಎರಡು ಅರೆಕಾಲು ಸೇರಿ ಕಾಲು. ಮೊದಲಿನ ಪೂರ್ಣ ಎಕರೆ ಮೂರು. ಐದೂಕಾಲು! ಕಾಗದದ ಲೆಕ್ಕಕ್ಕೆ ತಾಳೆ ಆಯಿತಲ್ಲ?

ಮಾರುವಾಗ ಈ ಚುಕ್ಕಿ ಇನ್ನೂ ದುಬಾರಿ. ಎಕರೆಗೆ ಹತ್ತು ಲಕ್ಷ ಅಂತ ಮಾತಾಗಿದೆ, ಜಾಗ 1.30. ಯಾರೋ ಮೊಬೈಲಿನಲ್ಲಿ ಗುಣಿಸಿ 13 ಲಕ್ಷ ಅಂತ ತೋರಿಸಿದರೆ ತಲೆ ಆಡಿಸಬೇಡಿ. ಒಂದೂಮುಕ್ಕಾಲಿಗೆ 17.5 ಲಕ್ಷ ಆಗಬೇಕು. ಈ ತಪ್ಪು ಯಾವಾಗಲೂ ಜಾಗವನ್ನು ಕಮ್ಮಿಯೇ ತೋರಿಸುತ್ತದೆ, ಹೆಚ್ಚು ತೋರಿಸುವುದೇ ಇಲ್ಲ. ಹಾಗಾಗಿ ಪೆಟ್ಟು ಮಾರುವವನಿಗೇ. ಕ್ಯಾಲ್ಕುಲೇಟರೇ ಬೇಕಿದ್ದರೆ ಗುಂಟೆಯನ್ನು ಮೊದಲು 40ರಿಂದ ಭಾಗಿಸಿ. 30 ಗುಂಟೆ 0.75 ಆಗುತ್ತದೆ. ಆಮೇಲೆ ಎಕರೆಗೆ ಸೇರಿಸಿ.

ಕರಾವಳಿಯ ಸೆಂಟ್ಸ್ ಲೆಕ್ಕಕ್ಕೆ ಈ ತೊಂದರೆ ಇಲ್ಲ, ಅಲ್ಲಿ ನೂರು ಸೆಂಟ್ಸಿಗೆ ಎಕರೆ. ಘಟ್ಟದ ಮೇಲಿನವರೂ ಕೆಳಗಿನವರೂ ವ್ಯವಹಾರಕ್ಕೆ ಕೂತಾಗ ಮಾತ್ರ ಗುಂಟೆಯೋ ಸೆಂಟ್ಸೋ ಅಂತ ಕೇಳಿಕೊಳ್ಳಿ. ಒಂದು ಗುಂಟೆಗೆ ಎರಡೂವರೆ ಸೆಂಟ್ಸ್.

ಖರಾಬು ಕಳೆಯುವಾಗಲೂ ಇದೇ ಕ್ರಮ. 5 ಎಕರೆ 10 ಗುಂಟೆಯಲ್ಲಿ 15 ಗುಂಟೆ ಖರಾಬು ಇದ್ದರೆ, ಹತ್ತರಲ್ಲಿ ಹದಿನೈದು ಹೋಗದು. ಒಂದು ಎಕರೆ ಮುರಿದು ನಲವತ್ತು ಗುಂಟೆ ಮಾಡಿಕೊಳ್ಳಿ. ಐವತ್ತರಲ್ಲಿ ಹದಿನೈದು ಹೋಗಿ ಮೂವತ್ತೈದು. ಸಾಗುವಳಿಗೆ ಸಿಗುವುದು 4 ಎಕರೆ 35 ಗುಂಟೆ.