ವಾರಾಂತ್ಯದ ಶೋಧಕರು

ನಾನು ಬೆಂಗಳೂರಿನಲ್ಲಿ ವಸ್ತುವಿನ್ಯಾಸವನ್ನು ಅಭ್ಯಾಸ ಮಾಡುತ್ತಿರುವ ವಿದ್ಯಾರ್ಥಿನಿ. ಊರಿಗೆ ಹೋದಾಗಲೆಲ್ಲ ನನ್ನ ಸೋದರತ್ತೆ, “ಸೀರೆಯ ಅಂಚು ಬರೆಯುವುದನ್ನು ಕಲಿಯಲು ನಾಲ್ಕು ವರ್ಷ ಬೇಕೇನೇ?” ಎಂದು ಕೇಳುತ್ತಾರೆ. ಅವರನ್ನು ಆಕ್ಷೇಪಿಸಿ ಪ್ರಯೋಜನವಿಲ್ಲ. ಎಂಜಿನಿಯರಿಂಗ್ ಓದುವ ನನ್ನ ಗೆಳೆಯರ ತಿಳಿವಳಿಕೆಯೂ ಅದಕ್ಕಿಂತ ಬಹಳ ಮುಂದೆ ಹೋದದ್ದಲ್ಲ. ಯಂತ್ರವನ್ನು ಅವರು ಮಾಡುತ್ತಾರೆ, ಅದಕ್ಕೊಂದು ಚೆಂದದ ಹೊದಿಕೆಯನ್ನು ನಾನು ಹೊಲಿಯಬೇಕು, ಇದು ಅವರ ಎಣಿಕೆ. ಕಳೆದ ಮೂರು ವರ್ಷಗಳಲ್ಲಿ ಆರು ವಾರಾಂತ್ಯಗಳನ್ನು ನಾನು ಇಂಥ ಗೆಳೆಯರೊಡನೆ, ನಿದ್ದೆಗೆಟ್ಟು, ಆವಿಷ್ಕಾರದ ಸ್ಪರ್ಧೆಗಳಲ್ಲಿ ಕಳೆದಿದ್ದೇನೆ. ಆ ಅನುಭವವನ್ನು ನಿಮ್ಮೊಡನೆ ಹಂಚಿಕೊಳ್ಳಲು ಈ ಹೊತ್ತು ಬಂದಿದ್ದೇನೆ.

ಇಂಥ ಸ್ಪರ್ಧೆಗೆ ಹ್ಯಾಕಥಾನ್ ಎಂದು ಹೆಸರು. ಇಲ್ಲಿ ‘ಹ್ಯಾಕ್’ ಎಂದರೆ ಕನ್ನ ಹಾಕುವುದಲ್ಲ. ಕೈಗೆ ಸಿಕ್ಕಿದ್ದರಲ್ಲಿ ಏನಾದರೊಂದು ಉಪಾಯ ಹೂಡಿ ಕೆಲಸ ಸಾಧಿಸುವುದು. ಅದಕ್ಕೆ ಮ್ಯಾರಥಾನ್ ಓಟದ ಬಾಲವನ್ನು ಅಂಟಿಸಿದ್ದಾರೆ. 1999ರ ಜೂನ್ ತಿಂಗಳಿನಲ್ಲಿ ಕೆನಡಾ ದೇಶದ ಕ್ಯಾಲ್ಗರಿ ನಗರದಲ್ಲಿ ಓಪನ್ ಬಿಎಸ್‌ಡಿ ಎಂಬ ತಂತ್ರಾಂಶವನ್ನು ಬರೆಯುತ್ತಿದ್ದ ಹತ್ತು ಮಂದಿ ಒಂದೆಡೆ ಕಲೆತು ಕೆಲಸ ಮಾಡಿದರು. ಗುಪ್ತಲಿಪಿಯ ತಂತ್ರಾಂಶವನ್ನು ದೇಶದಿಂದ ಹೊರಗೆ ಕಳುಹಿಸುವುದಕ್ಕೆ ಅಮೆರಿಕದ ಕಾನೂನು ಆಗ ಒಡ್ಡುತ್ತಿದ್ದ ತೊಡಕನ್ನು ತಪ್ಪಿಸಿಕೊಳ್ಳಲು ಅವರು ಕೆನಡಾವನ್ನು ಆರಿಸಿಕೊಂಡಿದ್ದರು. ಅದು ಕೆಲಸಗಾರರ ಕೂಟ; ಬಹುಮಾನಕ್ಕಾಗಿ ಸೇರಿದ್ದಲ್ಲ. ಮುಂದೆ 2007ರಲ್ಲಿ ಅಮೆರಿಕದ ಬೌಲ್ಡರ್ ಎಂಬಲ್ಲಿ ‘ಸ್ಟಾರ್ಟಪ್ ವೀಕೆಂಡ್’ ಮೊದಲಾಯಿತು. 54 ಗಂಟೆಗಳಲ್ಲಿ ಒಂದು ವ್ಯಾಪಾರವನ್ನೇ ಹುಟ್ಟಿಸುವ ಸಾಹಸ ಅದು. ನಮ್ಮ ದೇಶದಲ್ಲಿ 2017ರಲ್ಲಿ ಕೇಂದ್ರ ಸರ್ಕಾರವೇ 36 ಗಂಟೆಗಳ ‘ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್’ ಅನ್ನು ಆರಂಭಿಸಿತು. ಬೆಂಗಳೂರಿನ ಮಾತನ್ನಂತೂ ಕೇಳುವುದೇ ಬೇಡ.

ಶುಕ್ರವಾರ ಸಂಜೆ ಒಂದು ದೊಡ್ಡ ಹಜಾರದಲ್ಲಿ ಪರಸ್ಪರ ಗುರುತಿಲ್ಲದ ನೂರಾರು ಮಂದಿ ಸೇರುತ್ತಾರೆ. ಮನಸ್ಸಿದ್ದವರು ವೇದಿಕೆಯೇರಿ ಒಂದೊಂದು ನಿಮಿಷ ತಮ್ಮ ಕಲ್ಪನೆಯನ್ನು ಹೇಳುತ್ತಾರೆ. ಕೇಳಿದವರು ತಮಗೆ ಒಪ್ಪಿದ ಕಡೆಗೆ ಸರಿದು ತಂಡ ಕಟ್ಟುತ್ತಾರೆ. ನಮ್ಮಲ್ಲಿ ಮದುವೆಯ ಸಂಬಂಧಗಳೂ ಇಷ್ಟು ಬೇಗ ಕೂಡಿಬರುವುದಿಲ್ಲ. ಭಾನುವಾರ ಸಂಜೆಯ ಹೊತ್ತಿಗೆ ತೀರ್ಪುಗಾರರ ಎದುರು ಒಂದು ವಸ್ತು ಚಲಿಸಬೇಕು, ಇಲ್ಲವೇ ಬೆಳಗಬೇಕು.

ಇಷ್ಟು ಅಲ್ಪ ಕಾಲದಲ್ಲಿ ಇದು ಸಾಧ್ಯವಾಗುವುದಕ್ಕೆ ಎರಡು ಸಲಕರಣೆಗಳು ಕಾರಣ. ಒಂದು, ಪ್ಲಾಸ್ಟಿಕ್ ಎಳೆಯನ್ನು ಕರಗಿಸಿ ಕೂದಲೆಳೆಯಷ್ಟು ತೆಳುವಾದ ಪದರಗಳನ್ನು ಒಂದರ ಮೇಲೊಂದು ಹಾಸುತ್ತ ವಸ್ತುವನ್ನು ಬೆಳೆಸುವ ಮುದ್ರಣಯಂತ್ರ. ಮುಷ್ಟಿಗಾತ್ರದ ವಸ್ತುವಿಗೂ ಅದು ನಾಲ್ಕೈದು ಗಂಟೆ ತೆಗೆದುಕೊಳ್ಳುವುದುಂಟು. ಇರುವುದು ಎರಡೋ ಮೂರೋ ಯಂತ್ರ. ಸರದಿಯಲ್ಲಿ ನಿಂತವು ಇಪ್ಪತ್ತು ತಂಡ. ಆದ್ದರಿಂದ ವಸ್ತುವಿನ ಆಕಾರವನ್ನು ಶನಿವಾರ ಮಧ್ಯಾಹ್ನದೊಳಗೆ ನಿಶ್ಚಯಿಸಲೇಬೇಕು. ಅದರ ಉಪಯೋಗವೇನೆಂಬುದು ಅಷ್ಟರಲ್ಲಿ ತಿಳಿದಿರಲಿ, ಬಿಡಲಿ! ಇನ್ನೊಂದು, ಆರ್ಡುಯಿನೊ ಎಂಬ ಅಂಗೈಯಗಲದ ವಿದ್ಯುನ್ಮಾನ ಫಲಕ. 2005ರ ಸುಮಾರಿಗೆ ಇಟಲಿಯ ಇವ್ರೆಯಾ ಪಟ್ಟಣದ ವಿನ್ಯಾಸಶಾಲೆಯಲ್ಲಿ ಮಾಸ್ಸಿಮೊ ಬಾನ್ಝಿ ಮತ್ತು ಅವರ ಸಂಗಡಿಗರು ಇದನ್ನು ರೂಪಿಸಿದ್ದು ನನ್ನಂಥ, ವಿದ್ಯುತ್ತಿನ ಶಾಸ್ತ್ರ ಬಾರದ ವಿನ್ಯಾಸದ ಮಕ್ಕಳಿಗಾಗಿ. ಅವರು ಕೂಡುತ್ತಿದ್ದ ಪಾನಗೃಹಕ್ಕೆ ಸಾವಿರ ವರ್ಷಗಳ ಹಿಂದಿನ ಅರಸನೊಬ್ಬನ ಹೆಸರಿತ್ತಂತೆ. ಅದೇ ಫಲಕಕ್ಕೂ ಬಂತು. ಸೋಜಿಗವೆಂದರೆ, ನಮಗಾಗಿ ಹುಟ್ಟಿದ ಆ ಫಲಕವನ್ನು ನನ್ನ ತಂಡದವರು ನನ್ನ ಕೈಗೆ ಕೊಟ್ಟದ್ದು ಬಹಳ ಕಡಿಮೆ.

ಹಾಗಾದರೆ ವಿನ್ಯಾಸದವಳ ಕೆಲಸವೇನು? ನಮಗೆ ಮೊದಲ ವರ್ಷ ಓದಿಸುವುದು ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು 1958ರಲ್ಲಿ ಭಾರತ ಸರ್ಕಾರಕ್ಕೆ ಒಪ್ಪಿಸಿದ ವರದಿಯನ್ನು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1961ರಲ್ಲಿ ಸ್ಥಾಪನೆಯಾಗುವುದಕ್ಕೆ ಅದೇ ಪ್ರೇರಣೆ. ಅದರಲ್ಲಿ ಅವರು ಬಹುವಾಗಿ ಮೆಚ್ಚಿ ಬರೆದಿರುವುದು ನಮ್ಮ ಮನೆಯ ಚೊಂಬನ್ನು. ಎಷ್ಟು ನೀರು ಹಿಡಿಯಬೇಕು, ಹೊರುವುದು ತಲೆಯ ಮೇಲೋ ಸೊಂಟದ ಮೇಲೋ, ತುಂಬಿದಾಗ ಅದರ ತೂಕ ಎಲ್ಲಿ ನಿಲ್ಲುತ್ತದೆ, ಬರಿದಾದಾಗ ಎಲ್ಲಿ, ತೊಳೆಯಲು ಕೈ ಒಳಗೆ ಹೋಗುತ್ತದೆಯೇ, ಹೀಗೆ ಅವರು ಕೇಳಿಕೊಂಡ ಪ್ರಶ್ನೆಗಳ ಸಾಲು ದೊಡ್ಡದು. ಅದನ್ನು ಯಾರೋ ಒಬ್ಬರು ಕುಳಿತು ಮಾಡಿದ್ದಲ್ಲ, ತಲೆಮಾರುಗಳ ಕೈ ಅದನ್ನು ತಿದ್ದಿದೆ ಎಂಬುದು ಅವರ ಅಭಿಪ್ರಾಯ. ಪ್ರಶ್ನೆ ಕೇಳುವುದೇ ನನ್ನ ಕೆಲಸವೆಂದು ನಾನು ನಂಬಿದ್ದೆ. ಆದರೆ ತಲೆಮಾರುಗಳಿಗೆ ಬದಲು ಎರಡು ಇರುಳು ಮಾತ್ರ ಇರುವಾಗ, ಪ್ರಶ್ನೆ ಕೇಳುವವಳು ಸುಮ್ಮನೆ ಕುಳಿತವಳಂತೆ ಕಾಣುತ್ತಾಳೆ.

ಐದನೆಯ ಸ್ಪರ್ಧೆ ಸ್ವಲ್ಪ ಬೇರೆ ಬಗೆಯದು. 2014ರಲ್ಲಿ ಇಸ್ರೇಲಿನಲ್ಲಿ ಆರಂಭವಾದ ಒಂದು ಪದ್ಧತಿ ಈಗ ಬೇರೆ ದೇಶಗಳಿಗೂ ಹಬ್ಬಿದೆ. ಅಂಗವೈಕಲ್ಯವಿರುವವರು ಅದರಲ್ಲಿ ಮರುಕಕ್ಕೆ ಪಾತ್ರರಾಗಿ ಬರುವುದಿಲ್ಲ. ಕೊರತೆಯನ್ನು ಬಲ್ಲವರಾಗಿ, ತಂಡದ ಸದಸ್ಯರಾಗಿಯೇ ಕೂರುತ್ತಾರೆ. ಅದೇ ಮಾದರಿಯ ಒಂದು ಸ್ಪರ್ಧೆಯಲ್ಲಿ ನಮ್ಮ ತಂಡಕ್ಕೆ ಅರವತ್ತು ದಾಟಿದ ಒಬ್ಬ ಗೃಹಿಣಿ ಬಂದರು. ಪಾರ್ಶ್ವವಾಯುವಿನಿಂದ ಅವರ ಎಡಗೈ ಬಿದ್ದುಹೋಗಿತ್ತು, ಸ್ಪರ್ಶವೂ ಇರಲಿಲ್ಲ. ಅವರ ಬೇಡಿಕೆ ಒಂದೇ: ತರಕಾರಿ ಹೆಚ್ಚಬೇಕು, ಸೊಸೆಯನ್ನು ಕರೆಯದೆ.

ನಮ್ಮ ಈಳಿಗೆಮಣೆಯನ್ನು ನೆನಪಿಸಿಕೊಳ್ಳಿ. ಚಾಕುವಿನಲ್ಲಿ ಕತ್ತಿ ಚಲಿಸುತ್ತದೆ, ಕಾಯಿ ನಿಲ್ಲುತ್ತದೆ. ಈಳಿಗೆಯಲ್ಲಿ ಕತ್ತಿ ನಿಲ್ಲುತ್ತದೆ, ಕಾಯಿ ಚಲಿಸುತ್ತದೆ. ಮಣೆಯನ್ನು ಕಾಲು ಅದುಮಿ ಹಿಡಿಯುವುದರಿಂದ ಎರಡು ಕೈಗಳಿಗೂ ಬಿಡುವು. ಒಂದೇ ಕೈ ಇರುವವರಿಗೂ ಅದು ಅನುಕೂಲವಾಗಬಹುದಿತ್ತು. ಆದರೆ ಈ ತಾಯಿ ನೆಲದ ಮೇಲೆ ಕೂರಲಾರರು. ಮೇಜಿನ ಮೇಲೆ ಚಾಕು ಹಿಡಿದರೆ ಕಾಯಿಯನ್ನು ಹಿಡಿಯುವವರಿಲ್ಲ.

ಶನಿವಾರ ಬೆಳಿಗ್ಗೆ ನಾನು ಒಂದು ಹಲಗೆಯ ಅಡಿಯಿಂದ ಎರಡು ಮೊಳೆಗಳನ್ನು ಹೊಡೆದು, ಮೇಲೆ ಚಾಚಿದ ಮೊನೆಗಳಿಗೆ ಬದನೆಕಾಯಿಯನ್ನು ಚುಚ್ಚಿ ನಿಲ್ಲಿಸಿದೆ. ಹಲಗೆ ಜಾರದಂತೆ ಕೆಳಗೆ ಒದ್ದೆ ಬಟ್ಟೆ ಹಾಸಿದೆ. ಅವರು ಅದನ್ನು ಬಲಗೈಯೊಂದರಿಂದಲೇ ನಿಧಾನವಾಗಿ ಹೆಚ್ಚಿದರು. ಬೆಳಗಿನ ಹತ್ತು ಗಂಟೆಗೆಲ್ಲ ಸಮಸ್ಯೆ ಬಗೆಹರಿದಿತ್ತು. ಅದೇ ದೊಡ್ಡ ತೊಂದರೆಯಾಯಿತು! “ಇದರಲ್ಲಿ ಆವಿಷ್ಕಾರವೇನಿದೆ?” ಎಂದು ಗೆಳೆಯರು ಕೇಳಿದರು. ಅವರ ಮಾತೂ ಸುಳ್ಳಲ್ಲ. ಪಾರ್ಶ್ವವಾಯುವಿನ ರೋಗಿಗಳಿಗೆ ನಿತ್ಯದ ಕೆಲಸಗಳನ್ನು ಮತ್ತೆ ಕಲಿಸುವ ಚಿಕಿತ್ಸಕರು ಇಂಥ ಮೊಳೆಹಲಗೆಯನ್ನು ಬಹುಕಾಲದಿಂದ ಬಲ್ಲರು. ಇನ್ನೂ ಒಂದೂವರೆ ದಿನ ಕೈಯಲ್ಲಿತ್ತು. ಮೋಟಾರಿನಿಂದ ಚಲಿಸುವ ಕತ್ತಿಯನ್ನು ಮಾಡುವುದೆಂದು ತೀರ್ಮಾನವಾಯಿತು. ನಾನು ಒಪ್ಪಿದೆ. ನನಗೂ ಬಹುಮಾನ ಬೇಕಿತ್ತು.

ನಾವು ತಂದ ಮೋಟಾರು ಬರೇ 9 ಗ್ರಾಂ ತೂಕದ್ದು. ಅಕ್ಷದಿಂದ ಒಂದು ಸೆಂಟಿಮೀಟರು ದೂರದಲ್ಲಿ ಅದು ಎತ್ತಬಲ್ಲದ್ದು 1.8 ಕಿಲೋಗ್ರಾಂ, ಕತ್ತಿಯ ತೋಳು ಹತ್ತು ಸೆಂಟಿಮೀಟರು ಉದ್ದವಾದರೆ 180 ಗ್ರಾಂ ಮಾತ್ರ. ಇದರಿಂದ ಸೌತೆಕಾಯಿಯ ಸಿಪ್ಪೆಗೂ ಗಾಯವಾಗದು. ರಾತ್ರಿ ದೊಡ್ಡ ಮೋಟಾರನ್ನು ತಂದದ್ದಾಯಿತು. ಕತ್ತಿ ಕಾಯಿಯಲ್ಲಿ ಸಿಕ್ಕಿಕೊಂಡೊಡನೆ ಅದು ಎಷ್ಟು ವಿದ್ಯುತ್ತನ್ನು ಎಳೆಯುತ್ತಿತ್ತೆಂದರೆ, ಬ್ಯಾಟರಿಯ ಒತ್ತಡ ಕುಸಿದು, ಫಲಕ ಮೂರ್ಛೆ ತಪ್ಪಿ ಮತ್ತೆ ಮೊದಲಿನಿಂದ ಎಚ್ಚರಗೊಳ್ಳುತ್ತಿತ್ತು. ಆ ತಾಯಿ ಇದನ್ನೆಲ್ಲ ನೋಡುತ್ತ ಕುಳಿತಿದ್ದವರು ಮೆಲ್ಲಗೆ, “ನನ್ನ ಈ ಕೈ ಅದರ ಕೆಳಗೆ ಹೋದರೆ ನನಗೆ ಗೊತ್ತೇ ಆಗುವುದಿಲ್ಲವಲ್ಲ ಮಗು” ಎಂದರು.

ಎಲ್ಲರೂ ಸುಮ್ಮನಾದೆವು. ಕೈ ಅಡ್ಡ ಬಂದರೆ ಕತ್ತಿಯನ್ನು ತಡೆಯುವ ಸಂವೇದಕವೊಂದನ್ನು ಸೇರಿಸಬೇಕಾಗಿತ್ತು; ಹೊತ್ತು ಇರಲಿಲ್ಲ. ಆದ್ದರಿಂದ ಅದನ್ನು ಯಂತ್ರದಲ್ಲಿ ಸೇರಿಸುವುದನ್ನು ಬಿಟ್ಟು ಚಿತ್ರದಲ್ಲಿ ಸೇರಿಸಿದೆವು. ಆ ಚಿತ್ರವನ್ನು ಬರೆದವಳು ನಾನು. ಬಹಳ ಅಂದವಾಗಿಯೇ ಬಂದಿತ್ತು.

ಭಾನುವಾರ ಸಂಜೆ ತೀರ್ಪುಗಾರರೆದುರು ನಮ್ಮ ಯಂತ್ರ ಬೇಯಿಸಿದ ಆಲೂಗಡ್ಡೆಯನ್ನು ಯಶಸ್ವಿಯಾಗಿ ಹೆಚ್ಚಿತು. ಬೆಲೆ ಎಷ್ಟಾದೀತು, ಕೊಳ್ಳುವವರೆಷ್ಟು ಮಂದಿ ಎಂದು ಅವರು ಕೇಳಿದರು. ಪಕ್ಕದಲ್ಲಿಯೇ ಕುಳಿತಿದ್ದ ಆಕೆಯನ್ನು ಏನೂ ಕೇಳಲಿಲ್ಲ. ನಮಗೆ ಎರಡನೆಯ ಬಹುಮಾನ ಬಂತು. ಆಕೆ ಬಲಗೈಯಿಂದ ಮೇಜನ್ನು ತಟ್ಟಿ ಸಂತೋಷ ಸೂಚಿಸಿದರು.

ಈ ಸ್ಪರ್ಧೆಗಳೆಲ್ಲ ಬರೀ ಆಟವೆಂದು ನಾನು ಹೇಳುತ್ತಿಲ್ಲ. ಅಪರಿಚಿತರೊಡನೆ ಜಗಳವಾಡಿ ಊಟದ ಹೊತ್ತಿಗೆ ರಾಜಿಯಾಗುವುದನ್ನು, ಹತ್ತು ಗಂಟೆ ದುಡಿದು ಮಾಡಿದ್ದನ್ನು ಮರುಗದೆ ಎಸೆಯುವುದನ್ನು ನಾನು ಕಲಿತದ್ದು ಅಲ್ಲಿಯೇ. ಆದರೆ ಸೋಮವಾರ ಎಂಬ ದಿನ ಅವುಗಳ ಪಂಚಾಂಗದಲ್ಲಿಲ್ಲ. “ಯಂತ್ರವನ್ನು ಸರಿಪಡಿಸಿ ಮುಂದಿನ ವಾರ ತಂದುಕೊಡುತ್ತೇವೆ” ಎಂದು ಆಕೆಗೆ ಮಾತು ಕೊಟ್ಟಿದ್ದೆವು. ಪರೀಕ್ಷೆ ಬಂತು, ಒಬ್ಬ ಪುಣೆಗೆ ಹೋದ, ಇನ್ನೊಬ್ಬನಿಗೆ ಕೆಲಸ ಸಿಕ್ಕಿತು. ಮೋಟಾರನ್ನು ಯಾರೋ ಮುಂದಿನ ಸ್ಪರ್ಧೆಗೆಂದು ಬಿಚ್ಚಿಕೊಂಡರು. ನಿಜ ಹೇಳಬೇಕೆಂದರೆ, ಅದು ಆ ಮನೆಗೆ ಹೋಗಲಿಲ್ಲವೆಂದು ನನಗೆ ಒಳಗೊಳಗೇ ಸಮಾಧಾನವಾಗಿತ್ತು.

ಮೂರು ತಿಂಗಳ ಮೇಲೆ, ಮುಖ ತೋರಿಸುವುದು ಹೇಗೆಂದು ಅಳುಕುತ್ತಲೇ, ಒಬ್ಬಳೇ ಅವರ ಮನೆಗೆ ಹೋದೆ. ಯಂತ್ರದ ಮಾತನ್ನು ಅವರು ಎತ್ತಲಿಲ್ಲ. ಕಾಫಿ ಕೊಟ್ಟು ಅಡಿಗೆಮನೆಗೆ ಕರೆದೊಯ್ದರು. ಮೇಜಿನ ಮೇಲೆ ಒದ್ದೆ ಬಟ್ಟೆ, ಅದರ ಮೇಲೆ ಆ ಮೊಳೆಹಲಗೆ. ಭಾನುವಾರ ಹಜಾರವನ್ನು ಗುಡಿಸುವಾಗ ಕಸದ ಬುಟ್ಟಿಯ ಪಕ್ಕದಲ್ಲಿ ಬಿದ್ದಿತ್ತಂತೆ, ಕೇಳಿ ತಂದುಕೊಂಡಿದ್ದರು.

“ಇದರ ಮೊಳೆ ತುಕ್ಕು ಹಿಡಿಯುತ್ತದೆ, ಬದನೆಕಾಯಿ ಕಪ್ಪಾಗುತ್ತದೆ. ಇನ್ನೊಂದು, ಚಪಾತಿಗೆ ತುಪ್ಪ ಸವರುವಾಗ ಜಾರುತ್ತದೆ, ಮೂಲೆಗೊಂದು ಅಡ್ಡಪಟ್ಟಿ ಬೇಕು” ಎಂದರು. ಎಸ್.ಜೆ.ಪಿ. ರಸ್ತೆಯ ಅಂಗಡಿಯೊಂದರಲ್ಲಿ ತುಕ್ಕು ಹಿಡಿಯದ ಮೊಳೆ ಸಿಗುತ್ತದೆಂದು ನನಗೆ ಗೊತ್ತಿತ್ತು. ಪಟ್ಟಿ ಎಷ್ಟು ಎತ್ತರವಿರಬೇಕೆಂದು ಕೇಳಿದೆ. ಅವರು ಬಲಗೈಯ ಕಿರುಬೆರಳನ್ನು ಹಲಗೆಯ ಅಂಚಿಗೆ ಅಡ್ಡವಾಗಿಟ್ಟು, “ಇಷ್ಟು ಸಾಕು” ಎಂದರು. ಅಳತೆಪಟ್ಟಿ ಹಿಡಿದು ನೋಡಿದೆ, 14 ಮಿಲಿಮೀಟರು.