ಸಾರ್ವಜನಿಕ ಸಂಪರ್ಕದ ಮೊದಲ ಪಾಠಗಳು: ಸಾಂಗ್ಲಿ ಸೀಮೆಯ ಒಂದು ನಿದರ್ಶನ

ಪದವಿ ತರಗತಿಯಲ್ಲಿರುವ ಮಕ್ಕಳು ಯಾವುದಾದರೊಂದು ಸಂಸ್ಥೆಯಲ್ಲಿ ಒಂದೆರಡು ತಿಂಗಳು ಕೆಲಸ ಕಲಿಯಬೇಕೆಂಬ ಕ್ರಮ ಈಗ ಅನೇಕ ಕಾಲೇಜುಗಳಲ್ಲಿದೆ. ಇದಕ್ಕೆ ಇಂಟರ್ನ್‌ಶಿಪ್ ಎಂದು ಹೆಸರು. ಬೇಂಕು, ಆಸ್ಪತ್ರೆ, ಕಾರ್ಖಾನೆ ಎಂದರೆ ತಾಯ್ತಂದೆಯರಿಗೆ ಕೂಡಲೇ ಅರ್ಥವಾಗುತ್ತದೆ. ಆದರೆ ಮಗಳು ‘ಪಬ್ಲಿಕ್ ರಿಲೇಶನ್ಸ್ ಕನ್ಸಲ್ಟೆನ್ಸಿ’ಗೆ ಹೋಗುತ್ತೇನೆಂದರೆ ಮನೆಯವರು ಮುಖ ಮುಖ ನೋಡಿಕೊಳ್ಳುತ್ತಾರೆ. ಅಲ್ಲಿ ಮಾಡುವ ಕೆಲಸವಾದರೂ ಏನು? ಇದ್ದುದನ್ನು ಇಲ್ಲವೆಂದೂ ಇಲ್ಲದ್ದನ್ನು ಇದೆಯೆಂದೂ ಹೇಳಲು ಕಲಿಸುತ್ತಾರೆಯೆ? ಅದಕ್ಕಿಂತ ಹೆಚ್ಚಾಗಿ, ಕನ್ನಡ ಮಾಧ್ಯಮದಲ್ಲಿ ಓದಿದ ಮಗು ಅಂಥ ಕಡೆ ತಲೆಯೆತ್ತಿ ನಿಲ್ಲಬಲ್ಲುದೆ? ಈ ಪ್ರಶ್ನೆಗಳಿಗೆ ಉತ್ತರ ಹುಡುಕುವ ಪ್ರಯತ್ನ ಈ ಲೇಖನ.

ಮೊದಲು ಕೆಲಸದ ಸ್ವರೂಪವನ್ನು ನೋಡೋಣ. ಒಂದು ಸಂಸ್ಥೆಗೂ ಜನರಿಗೂ ನಡುವೆ ಮಾತುಕತೆ ಸರಿಯಾಗಿ ನಡೆಯುವಂತೆ ನೋಡಿಕೊಳ್ಳುವುದೇ ಸಾರ್ವಜನಿಕ ಸಂಪರ್ಕ. ಹೊಸದಾಗಿ ಸೇರಿದ ವಿದ್ಯಾರ್ಥಿಗೆ ಮೊದಲ ದಿನವೇ ದೊಡ್ಡ ಜವಾಬ್ದಾರಿ ಯಾರೂ ಕೊಡುವುದಿಲ್ಲ. ಬೆಳಗ್ಗೆ ನಾಲ್ಕಾರು ಪತ್ರಿಕೆಗಳನ್ನು ಓದಿ, ಸಂಬಂಧಪಟ್ಟ ಸುದ್ದಿಗಳನ್ನು ಗುರುತಿಸಿ ಜೋಡಿಸಿಡುವುದು. ವರದಿಗಾರರ ಹೆಸರು, ದೂರವಾಣಿಗಳ ಪಟ್ಟಿಯನ್ನು ತಿದ್ದುವುದು. ಸಭೆಯಲ್ಲಿ ಕುಳಿತು ಟಿಪ್ಪಣಿ ಬರೆದುಕೊಳ್ಳುವುದು. ಪತ್ರಿಕಾ ಪ್ರಕಟಣೆಯ ಕರಡು ತಯಾರಿಸುವುದು. ಆ ಕರಡು ಕೆಂಪು ಗೀಟುಗಳಿಂದ ತುಂಬಿ ಹಿಂದೆ ಬರುತ್ತದೆ. ಏನು, ಯಾರು, ಎಲ್ಲಿ, ಯಾವಾಗ, ಏಕೆ ಎಂಬುದು ಮೊದಲ ಪ್ಯಾರಾದಲ್ಲೇ ಇರಬೇಕೆಂದು ಕಲಿಯುವುದಕ್ಕೆ ಕೆಲವು ವಾರಗಳೇ ಹಿಡಿಯುತ್ತವೆ. ಬೇಸರ ತರಿಸುವ ಈ ದಿನಗಳೇ ನಿಜವಾದ ಪಾಠದ ದಿನಗಳು.

ಇಂಥ ಕೆಲಸವನ್ನು ಕಲಿಸುವ ಗುರುಗಳಾಗಲಿ ಕಾಲೇಜುಗಳಾಗಲಿ ಇಲ್ಲದ ಕಾಲದಲ್ಲಿ, ಅದನ್ನು ತಾನೇ ಕಲಿತ ಒಂದು ಊರು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿದೆ. ಮಿರಜದಿಂದ ಪುಣೆಯ ಕಡೆಗೆ ಹೋಗುವ ರೈಲು ಸಾಂಗ್ಲಿಯನ್ನು ದಾಟಿದ ಮೇಲೆ ಕಿರ್ಲೋಸ್ಕರವಾಡಿ ಎಂಬ ನಿಲ್ದಾಣ ಸಿಗುತ್ತದೆ. ಈ ಊರನ್ನು ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಹುಟ್ಟಿದ್ದು 1869ರಲ್ಲಿ, ಇಂದು ಕರ್ನಾಟಕದಲ್ಲಿರುವ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ವ್ಯವಹಾರ ಆರಂಭಿಸಿ, ಮೇವು ಕತ್ತರಿಸುವ ಯಂತ್ರ ಮತ್ತು ಕಬ್ಬಿಣದ ನೇಗಿಲುಗಳನ್ನು ತಯಾರಿಸತೊಡಗಿದರು. ಅಲ್ಲಿಂದ ಜಾಗ ಬಿಡಬೇಕಾಗಿ ಬಂದಾಗ ಔಂಧ್ ಸಂಸ್ಥಾನದ ಅರಸರು ಪಾಪಾಸುಕಳ್ಳಿ ಬೆಳೆದ ಬರಡು ಭೂಮಿಯನ್ನೂ ಸಾಲವನ್ನೂ ಕೊಟ್ಟರು. 1910ರಲ್ಲಿ ಕಾರ್ಖಾನೆ ಅಲ್ಲಿ ನೆಲೆಗೊಂಡಿತು.

ಕಬ್ಬಿಣದ ನೇಗಿಲು ಮರದ ನೇಗಿಲಿಗಿಂತ ಆಳವಾಗಿ ಉಳುತ್ತಿತ್ತು. ಆದರೂ ಕೊಳ್ಳುವವರಿರಲಿಲ್ಲ. ಕಬ್ಬಿಣ ತಾಗಿದರೆ ಮಣ್ಣು ವಿಷವಾಗುತ್ತದೆಂಬುದು ರೈತರ ನಂಬಿಕೆಯಾಗಿತ್ತು. ಮೊದಲ ನೇಗಿಲುಗಳು ಮಾರಾಟವಾಗುವುದಕ್ಕೆ ಸುಮಾರು ಎರಡು ವರ್ಷ ಬೇಕಾಯಿತು. ಇಂದಿನ ವಿದ್ಯಾರ್ಥಿಗಳು ಈ ಎರಡು ವರ್ಷಗಳ ಬಗ್ಗೆ ಯೋಚಿಸಬೇಕು. ಸರಕು ಒಳ್ಳೆಯದಾಗಿದ್ದರೆ ಸಾಲದು. ಎದುರಿನವನ ಮನಸ್ಸಿನಲ್ಲಿ ಯಾವ ಭಯವಿದೆಯೆಂದು ತಿಳಿಯಬೇಕು. ರೈತನನ್ನು ಮೂಢನೆಂದು ಜರೆದರೆ ಅವನು ನೇಗಿಲು ಕೊಳ್ಳುವುದಿಲ್ಲ. ವರ್ಷವಿಡೀ ಕುಟುಂಬದ ಹೊಟ್ಟೆ ತುಂಬಿಸುವ ನೆಲದ ಬಗ್ಗೆ ಅವನಿಗೆ ಅಂಜಿಕೆಯಿರುವುದು ಸಹಜವೇ. ಹೇಳುವ ಮೊದಲು ಕೇಳಬೇಕು ಎಂಬುದು ಸಾರ್ವಜನಿಕ ಸಂಪರ್ಕದ ಮೊದಲ ಪಾಠ.

ಎರಡನೆಯ ಪಾಠವನ್ನು ಕಲಿಸಿದವರು ಲಕ್ಷ್ಮಣರಾಯರ ಸೋದರನ ಮಗ ಶಂಕರರಾವ್ ಕಿರ್ಲೋಸ್ಕರರು. 1891ರಲ್ಲಿ ಹುಟ್ಟಿದ ಇವರು ಚಿತ್ರಕಲೆ ಬಲ್ಲವರು, ವ್ಯಂಗ್ಯಚಿತ್ರಕಾರರೂ ಹೌದು. ಕಾರ್ಖಾನೆಯ ಸಮಾಚಾರವನ್ನು ಹೊರಗಿನವರಿಗೆ ತಿಳಿಸುವುದಕ್ಕಾಗಿ 1920ರಲ್ಲಿ ‘ಕಿರ್ಲೋಸ್ಕರ್ ಖಬರ್’ ಎಂಬ ಮರಾಠಿ ಪತ್ರಿಕೆಯನ್ನು ಹೊರಡಿಸಿದರು. ಭಾರತದಲ್ಲಿ ಟಾಟಾ ಸಂಸ್ಥೆ ಸಾರ್ವಜನಿಕ ಸಂಪರ್ಕಕ್ಕೆಂದು ಪ್ರತ್ಯೇಕ ವಿಭಾಗ ತೆರೆದದ್ದು 1943ರಲ್ಲಿ. ಈ ವೃತ್ತಿಯವರ ರಾಷ್ಟ್ರೀಯ ಸಂಘ ಹುಟ್ಟಿದ್ದು 1958ರಲ್ಲಿ. ಹಳ್ಳಿಗಾಡಿನ ಈ ಪ್ರಯತ್ನ ಅವೆರಡಕ್ಕಿಂತಲೂ ಹಿಂದಿನದು.

ಯಂತ್ರದ ಹೊಗಳಿಕೆಯನ್ನೇ ತಿಂಗಳು ತಿಂಗಳು ಓದುವ ತಾಳ್ಮೆ ಯಾರಿಗಿದೆ? ಓದುಗನ ಬದುಕಿಗೆ ಬೇಕಾದ ವಿಷಯಗಳು ಪತ್ರಿಕೆಯಲ್ಲಿ ಬರತೊಡಗಿದವು. ‘ಖಬರ್’ ಎಂಬ ಮಾತು ಬಿಟ್ಟುಹೋಗಿ ಅದು ‘ಕಿರ್ಲೋಸ್ಕರ್’ ಎಂಬ ಹೆಸರಾಂತ ಮಾಸಪತ್ರಿಕೆಯಾಯಿತು. 1930ರಲ್ಲಿ ಮಹಿಳೆಯರಿಗಾಗಿ ‘ಸ್ತ್ರೀ’, 1934ರಲ್ಲಿ ‘ಮನೋಹರ್’ ಹೊರಬಂದುವು. ನೇಗಿಲಿನ ಸುದ್ದಿ ಹೇಳಲು ಹೊರಟ ಹಾಳೆ ಮರಾಠಿ ಮನೆಮನೆಗಳ ಓದಾಗಿ ಬೆಳೆಯಿತು. ಕೊಳ್ಳುವವನೆಂದು ಮಾತ್ರ ಜನರನ್ನು ನೋಡಿದ್ದರೆ ಹೀಗಾಗುತ್ತಿರಲಿಲ್ಲ.

ಮೂರನೆಯ ಪಾಠ ಸತ್ಯದ್ದು. ಅಮೆರಿಕದ ಐವಿ ಲೀ ಎಂಬವರು 1906ರಲ್ಲಿ, ತಾವು ಕೊಡುವ ಮಾಹಿತಿ ಮುಚ್ಚುಮರೆಯಿಲ್ಲದ್ದೂ ನಿಖರವೂ ಆಗಿರುತ್ತದೆಂದು ಪತ್ರಿಕೆಗಳಿಗೆ ಲಿಖಿತವಾಗಿ ತಿಳಿಸಿದರು. ಈ ವೃತ್ತಿಯಲ್ಲಿ ಎಲ್ಲರೂ ಆ ಮಾತಿಗೆ ನಿಂತಿದ್ದಾರೆಂದು ಹೇಳುವಂತಿಲ್ಲ. ತಾಯ್ತಂದೆಯರ ಶಂಕೆಗೆ ಆಧಾರವಿದೆ. ಆದರೆ ಸುಳ್ಳು ಸುದ್ದಿ ಕೊಟ್ಟವನನ್ನು ಪತ್ರಿಕಾಲಯ ಮರೆಯುವುದಿಲ್ಲ. ಎರಡನೆಯ ಸಲ ಅವನ ನಿಜವೂ ಕಸದ ಬುಟ್ಟಿ ಸೇರುತ್ತದೆ.

ವಿದ್ಯಾರ್ಥಿಗಳ ಅಭ್ಯಾಸಕ್ಕೆ ಮಿರಜವೇ ಒಂದು ಒಳ್ಳೆಯ ವಿಷಯ. ಅಲ್ಲಿನ ಸಿತಾರ್ ಮತ್ತು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಇದರ ಬಗ್ಗೆ ಪ್ರಕಟಣೆ ಬರೆಯಿರೆಂದರೆ ಹೊಸಬರು ‘ವಿಶ್ವವಿಖ್ಯಾತ’, ‘ಅದ್ಭುತ’ ಎಂದು ತುಂಬಿಸುತ್ತಾರೆ. ಅದರ ಬದಲು, ಕತ್ತಿಗಳನ್ನು ಸಾಣೆ ಹಿಡಿಯುತ್ತಿದ್ದ ಶಿಕಲಗಾರರ ಮನೆತನದವರು ಹತ್ತೊಂಬತ್ತನೆಯ ಶತಮಾನದಲ್ಲಿ ವಾದ್ಯ ತಯಾರಿಗೆ ಇಳಿದರು. ಬುರುಡೆಗೆ ಬೇಕಾದ ಸೋರೆಕಾಯಿ ಪಂಢರಪುರದ ಕಡೆಯಿಂದ ಬರುತ್ತದೆ. ಬೇರೆ ಊರಿನವರು ಇನ್ನು ತಮ್ಮ ವಾದ್ಯಕ್ಕೆ ಮಿರಜದ ಹೆಸರು ಹಾಕುವಂತಿಲ್ಲ ಎಂದು ಬರೆದರೆ ಓದುಗನಿಗೆ ವಿಷಯ ಸಿಗುತ್ತದೆ. ವಿಶೇಷಣ ಕಡಿಮೆಯಾದಷ್ಟೂ ವಿಶ್ವಾಸ ಹೆಚ್ಚು.

ಕೊನೆಯದಾಗಿ ಭಾಷೆಯ ಪಾಠ. ಇದು ನಮಗೆ ಬಹಳ ಹತ್ತಿರದ್ದು. ಮಿರಜದ ಆಸ್ಪತ್ರೆಗಳಿಗೆ ಉತ್ತರ ಕರ್ನಾಟಕದ ರೋಗಿಗಳು ತಲೆಮಾರುಗಳಿಂದ ಹೋಗುತ್ತಿದ್ದಾರೆ. ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿ ಕನ್ನಡಿಗರಿದ್ದಾರೆ, ಕನ್ನಡ ಶಾಲೆಗಳಿವೆ. ಅಲ್ಲಿನ ಮಕ್ಕಳೂ ನಮ್ಮ ಮಕ್ಕಳಂತೆ ಮನೆಯಲ್ಲಿ ಒಂದು, ಕಚೇರಿಯಲ್ಲಿ ಇನ್ನೊಂದು ಭಾಷೆಯ ನಡುವೆ ಬೆಳೆಯುವವರು. ಔಷಧಿಯ ವಿವರವನ್ನು, ನೆರೆಯ ಮುನ್ಸೂಚನೆಯನ್ನು ರೋಗಿಗೆ, ರೈತನಿಗೆ ಅರ್ಥವಾಗುವ ಮಾತಿನಲ್ಲಿ ಹೇಳದಿದ್ದರೆ ಅದು ಹೇಳಿದಂತೆಯೇ ಅಲ್ಲ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಡನೆ ಕನ್ನಡದಲ್ಲಿ ಪತ್ರವ್ಯವಹಾರ ನಡೆಸುವ ಹಕ್ಕನ್ನು ಕೊಟ್ಟಿದೆ. ಓದಲಾಗದ ನೋಟೀಸು ಕೈಗೆ ಬಂದಾಗಿನ ಸಂಕಟ ನಮ್ಮ ಮನೆಗಳಿಗೆ ಹೊಸತಲ್ಲ. ಆ ಸಂಕಟವನ್ನು ಬಲ್ಲ ಮಗುವೇ ನಾಳೆ ಒಳ್ಳೆಯ ನೋಟೀಸು ಬರೆಯಬಲ್ಲುದು.

ಕನ್ನಡವೊಂದೇ ಸಾಕೆಂದು ಹೇಳಿ ಮಕ್ಕಳನ್ನು ದಾರಿ ತಪ್ಪಿಸಬಾರದು. ಈ ಕೆಲಸಕ್ಕೆ ಇಂಗ್ಲಿಷ್ ಬೇಕು, ಇಲ್ಲಿದ್ದರೆ ಮಲೆಯಾಳ ಬೇಕು, ಅಲ್ಲಿದ್ದರೆ ಮರಾಠಿ ಬೇಕು. ಆದರೆ ಯಂತ್ರ ಮಾಡಿಕೊಟ್ಟ ಅನುವಾದದಲ್ಲಿ ಎಲ್ಲಿ ತಪ್ಪಿದೆಯೆಂದು ಹಿಡಿಯಲು ಎರಡೂ ಭಾಷೆಗಳನ್ನು ಬಾಳಿ ಬಲ್ಲವರು ಬೇಕು. ಗಡಿನಾಡಿನ ಮಕ್ಕಳಿಗೆ ಅದು ಹುಟ್ಟಿನಿಂದ ಬಂದ ಆಸ್ತಿ. ಇಂಟರ್ನ್‌ಶಿಪ್‌ಗೆ ಹೊರಡುವ ಮಕ್ಕಳು ದಿನಕ್ಕೊಂದು ಪತ್ರಿಕೆಯನ್ನು ಪೂರ್ತಿಯಾಗಿ ಓದಲಿ, ವಾರಕ್ಕೊಂದು ಸುದ್ದಿಯನ್ನು ಎರಡು ಭಾಷೆಗಳಲ್ಲಿ ಬರೆದು ನೋಡಲಿ. ಅರ್ಜಿಯಲ್ಲಿ ‘ಕನ್ನಡ ಮಾಧ್ಯಮ’ ಎಂದು ಬರೆಯುವಾಗ ಅವರ ಕೈ ನಡುಗಬೇಕಾದ ಕಾರಣವಿಲ್ಲ.