ಹಿಟ್ಟೂ ಬರಲಿಲ್ಲ, ದೊರೆಯೂ ಬರಲಿಲ್ಲ

ಮಾಲಯಾ ವಿಶೇರಾ. ಭೂಪಟದಲ್ಲಿ ಬೆರಳಿಟ್ಟು ಹುಡುಕಬೇಕಾದಷ್ಟು ಪುಟ್ಟ ಊರು, ಪೆಟ್ರೊಗ್ರಾಡ್‌ಗೆ ಸುಮಾರು 160 ಕಿಲೋಮೀಟರ್ ದೂರ. 1917ರ ಮಾರ್ಚ್ 1, ರಾತ್ರಿ ಎರಡರ ಹೊತ್ತು. ಕಡುನೀಲಿ ಬಣ್ಣದ ರೈಲೊಂದು ಅಲ್ಲಿ ಬಂದು ನಿಂತಿತು, ಮುಂದಕ್ಕೆ ಹೋಗಲಿಲ್ಲ. ಒಳಗಿದ್ದವನು ಜಗತ್ತಿನ ನೆಲದ ಆರನೇ ಒಂದು ಪಾಲಿಗೆ ಒಡೆಯ, ಝಾರ್ ಎರಡನೇ ನಿಕೊಲಾಸ್. ಮನೆಯಲ್ಲಿ ಮಕ್ಕಳಿಗೆ ದಡಾರ, ಹೆಂಡತಿಯ ಬಳಿಗೆ ಓಡಿ ಹೋಗಬೇಕೆಂಬ ತವಕ. ಆದರೆ ಮುಂದಿನ ನಿಲ್ದಾಣಗಳು ಬಂಡೆದ್ದವರ ಕೈಸೇರಿವೆ ಎಂಬ ಸುದ್ದಿ ಬಂತು. ರೈಲು ಬಂದ ದಾರಿಯಲ್ಲೇ ಹಿಂದಕ್ಕೆ ಹೊರಟಿತು.

ಇದನ್ನು ಮೊದಲ ಸಲ ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ರಷ್ಯಾದ ಕ್ರಾಂತಿ ಎಂದರೆ ಶಾಲೆಯಲ್ಲಿ ಕಾರಣಗಳ ಪಟ್ಟಿ ಬಾಯಿಪಾಠ ಮಾಡಿದ್ದೆವು: ಬಡತನ, ಯುದ್ಧ, ರಾಸ್‌ಪುಟಿನ್, ಲೆನಿನ್. ಆ ಪಟ್ಟಿಯನ್ನು ಪಕ್ಕಕ್ಕಿಟ್ಟು ಈ ರೈಲು ಹಳಿಯ ಗುಂಟ ನಡೆದು ನೋಡಿ. ಒಂದು ಸಾಮ್ರಾಜ್ಯ ಕುಸಿದದ್ದರ ಕಥೆ ಹಳಿಯ ಮೇಲೇ ಬಿದ್ದುಕೊಂಡಿದೆ!

ಹಿಟ್ಟಿನಿಂದ ಶುರುಮಾಡೋಣ. ರಾಜಧಾನಿ ಪೆಟ್ರೊಗ್ರಾಡ್‌ನಲ್ಲಿ ಜನ ಬ್ರೆಡ್ಡಿಗಾಗಿ ಗಂಟೆಗಟ್ಟಲೆ ಸಾಲು ನಿಲ್ಲುತ್ತಿದ್ದರು. ಆ ಸಾಲುಗಳಿಗೆ ಜನರೇ ಇಟ್ಟ ಹೆಸರು ‘ಬಾಲ’. ಹಾಗಾದರೆ ದೇಶದಲ್ಲಿ ಧಾನ್ಯವೇ ಇರಲಿಲ್ಲವೇ? ಇತ್ತು! ಮೊದಲ ಮಹಾಯುದ್ಧಕ್ಕೆ ಮುಂಚೆ ರಷ್ಯಾ ಯುರೋಪಿಗೆಲ್ಲ ಗೋಧಿ ಮಾರುತ್ತಿದ್ದ ದೇಶ. 1914ರಲ್ಲಿ ತುರ್ಕಿ ಕಪ್ಪು ಸಮುದ್ರದ ಬಾಗಿಲು ಮುಚ್ಚಿದ ಮೇಲೆ ಆ ಗೋಧಿ ಹೊರಗೆ ಹೋಗುವ ದಾರಿಯೂ ಇರಲಿಲ್ಲ. ಅಷ್ಟಿದ್ದೂ ರಾಜಧಾನಿಗೆ ಬರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತೇವಲ್ಲ, ಒಂದು ಇಡೀ ಮಹಾನಗರಕ್ಕೆ ಆದದ್ದು ಅದೇ.

ಯಾಕೆ ಎಂದು ಕೆದಕಿದರೆ ಒಂದರ ಬೆನ್ನಿಗೆ ಇನ್ನೊಂದು ಬೆರಗು. ಕಾರ್ಖಾನೆಗಳೆಲ್ಲ ತೋಪು, ಗುಂಡು ಮಾಡುವುದರಲ್ಲಿ ಮುಳುಗಿದ್ದವು. ರೈತನಿಗೆ ಬೇಕಾದ ಬಟ್ಟೆ, ಮೊಳೆ, ನೇಗಿಲ ಕುಳ ಸಂತೆಯಲ್ಲಿ ಸಿಗುತ್ತಿರಲಿಲ್ಲ. ಸಿಕ್ಕರೂ ಬೆಲೆ ಕೈಗೆಟುಕುತ್ತಿರಲಿಲ್ಲ. ಹಾಗಿರುವಾಗ ಧಾನ್ಯ ಮಾರಿ, ದಿನದಿನಕ್ಕೂ ಬೆಲೆ ಕಳೆದುಕೊಳ್ಳುವ ರೂಬಲ್ ನೋಟು ತಂದು ಅವನೇನು ಮಾಡಿಯಾನು? ಕಣಜ ತುಂಬಿದ, ದನಕ್ಕೆ ಹಾಕಿದ. ಆ ನೋಟು ಬೆಲೆ ಕಳೆದುಕೊಂಡದ್ದರ ಹಿಂದಿನ ಒಂದು ಕಾರಣವನ್ನಂತೂ ನಾನು ಎರಡೆರಡು ಸಲ ಓದಿ ಖಚಿತ ಮಾಡಿಕೊಂಡೆ. ಯುದ್ಧಕ್ಕೆ ಮುಂಚೆ ಸರ್ಕಾರದ ಆದಾಯದಲ್ಲಿ ಕಾಲು ಭಾಗಕ್ಕೂ ಹೆಚ್ಚು ಬರುತ್ತಿದ್ದದ್ದು ವೋಡ್ಕಾ ಮಾರಾಟದಿಂದ. 1914ರಲ್ಲಿ, ಯುದ್ಧ ಶುರುವಾದ ಹೊತ್ತಿಗೇ, ಝಾರ್ ಅದನ್ನು ನಿಷೇಧಿಸಿದ! ಸೈನಿಕ ಕುಡಿಯದೆ ಕಾದಾಡಲಿ ಎಂಬ ಒಳ್ಳೆಯ ಉದ್ದೇಶವೇ. ಖಜಾನೆಯಲ್ಲಿ ತೂತು ಬಿತ್ತು, ಅದನ್ನು ಮುಚ್ಚಲು ನೋಟು ಅಚ್ಚು ಹಾಕಿದರು, ರೂಬಲ್ ಸೊರಗಿತು, ಕಣಜದ ಬಾಗಿಲು ಇನ್ನಷ್ಟು ಬಿಗಿಯಿತು.

ಇಷ್ಟೆಲ್ಲ ದಾಟಿ ಬಂದ ಧಾನ್ಯವಾದರೂ ಬರಬೇಕಾದದ್ದು ರೈಲಿನಲ್ಲಿ. ಇದ್ದ ಎಂಜಿನ್ನು, ವ್ಯಾಗನ್ನುಗಳನ್ನು ಯುದ್ಧಭೂಮಿ ನುಂಗಿತ್ತು. 1917ರ ಜನವರಿ, ಫೆಬ್ರವರಿಯ ಭೀಕರ ಚಳಿಗೆ ಎಂಜಿನ್ನುಗಳ ಕೊಳವೆಗಳು ಹೆಪ್ಪುಗಟ್ಟಿ ಒಡೆದವು, ಹಳಿಯ ಮೇಲೆ ಹಿಮದ ಗುಡ್ಡೆ ಬಿತ್ತು. ಹಿಟ್ಟಿನ ವ್ಯಾಗನ್ನುಗಳು ದಾರಿಯಲ್ಲೇ ನಿಂತವು.

ಆಮೇಲೆ, ಫೆಬ್ರವರಿ 23ರಂದು, ಚಳಿ ಇಳಿಯಿತು. (ಆಗಿನ ರಷ್ಯಾದ ಪಂಚಾಂಗ ನಮ್ಮದಕ್ಕಿಂತ 13 ದಿನ ಹಿಂದೆ. ಆದ್ದರಿಂದ ಉಳಿದ ಜಗತ್ತಿಗೆ ಅದು ಮಾರ್ಚ್ 8. ಇಲ್ಲಿ ಅಂದಿನ ಅವರ ತಾರೀಖುಗಳನ್ನೇ ಬಳಸಿದ್ದೇನೆ.) ಅಂದು ಅಂತರರಾಷ್ಟ್ರೀಯ ಮಹಿಳಾ ದಿನ. ರಾಜಧಾನಿಯ ವೈಬೋರ್ಗ್ ಪೇಟೆಯ ಬಟ್ಟೆ ಗಿರಣಿಗಳ ಹೆಂಗಸರು ಕೆಲಸ ಬಿಟ್ಟು ಬೀದಿಗಿಳಿದರು. ಇವತ್ತು ಮುಷ್ಕರ ಬೇಡ ಎಂದು ಹೇಳಿದವರು ಯಾರು ಗೊತ್ತೇ? ಲೆನಿನ್‌ನ ಪಕ್ಷದವರೇ ಆದ ಬೊಲ್ಶೆವಿಕ್ ಕಾರ್ಯಕರ್ತರು! ಹೆಂಗಸರು ಕೇಳಲಿಲ್ಲ. ಪಕ್ಕದ ಕಬ್ಬಿಣದ ಕಾರ್ಖಾನೆಗಳ ಕಿಟಕಿಗೆ ಹಿಮದ ಉಂಡೆ ಎಸೆದು ಗಂಡಸರನ್ನು ಹೊರಗೆ ಕರೆದರು. ಲೆನಿನ್ ಆಗ ದೂರದ ಜ್ಯೂರಿಕ್‌ನಲ್ಲಿದ್ದ. ಮುಂದಿನ ಕ್ರಾಂತಿಯ ನಿರ್ಣಾಯಕ ಹೋರಾಟಗಳನ್ನು ತಮ್ಮಂಥ ಹಿರಿಯರು ಕಾಣದೇ ಹೋಗಬಹುದು ಎಂದು ಅದೇ ಜನವರಿಯಲ್ಲಿ ಭಾಷಣ ಮಾಡಿದ್ದ.

ಮರುದಿನ ಸುಮಾರು ಎರಡು ಲಕ್ಷ ಕಾರ್ಮಿಕರು. ಪೊಲೀಸರು ಸೇತುವೆಗಳನ್ನು ತಡೆದರೆ ಜನ ಹೆಪ್ಪುಗಟ್ಟಿದ ನೆವಾ ನದಿಯ ಮೇಲೆಯೇ ನಡೆದು ಬಂದರು. ಚಳಿ ಇನ್ನೂ ಜೋರಾಗಿದ್ದರೆ ಇವರೆಲ್ಲ ಮನೆಯಲ್ಲೇ ಇರುತ್ತಿದ್ದರೇನೋ ಎಂದು ರಾಣಿ ಅಲೆಕ್ಸಾಂಡ್ರಾ ಗಂಡನಿಗೆ ಕಾಗದ ಬರೆದಳು. ಗಂಡ ದೂರದ ಮೊಗಿಲೆವ್‌ನ ಸೇನಾ ಕೇಂದ್ರದಲ್ಲಿದ್ದ. 1915ರಲ್ಲಿ ತಾನೇ ಮಹಾದಂಡನಾಯಕನಾದವನು, ಅಂದಿನಿಂದ ಪ್ರತಿ ಸೋಲೂ ಅವನ ಹೆಸರಿಗೇ. ಅವನ ಸರ್ಕಾರ ಒಂದು ವರ್ಷದೊಳಗೆ ನಾಲ್ಕು ಮಂದಿ ಪ್ರಧಾನಿಗಳನ್ನು ಕಂಡಿತ್ತು. ರಾಜಧಾನಿಯ ಸೇನಾ ಮುಖ್ಯಸ್ಥನಿಗೆ ಝಾರ್‌ನಿಂದ ತಂತಿ ಬಂತು: ನಾಳೆಯೇ ಗಲಭೆ ನಿಲ್ಲಿಸಿ.

26ರ ಭಾನುವಾರ ಸೈನಿಕರು ಗುಂಡು ಹಾರಿಸಿದರು, ಜನ ಸತ್ತರು. 1905ರಲ್ಲೂ ಹೀಗೇ ಆಗಿತ್ತು, ಆಗ ಸಿಂಹಾಸನ ಉಳಿದಿತ್ತು. ಈ ಸಲ ಉಳಿಯಲಿಲ್ಲ. ಬಂದೂಕು ಹಿಡಿದವರು ಬೇರೆಯಾಗಿದ್ದರು. ಹಳೆಯ ಪಳಗಿದ ಕಾವಲು ಪಡೆಯವರು ಯುದ್ಧಭೂಮಿಯಲ್ಲಿ ಮಣ್ಣಾಗಿದ್ದರು. ನಗರದ ಬರಾಕುಗಳಲ್ಲಿ ಕಿಕ್ಕಿರಿದಿದ್ದದ್ದು ನಿನ್ನೆ ಮೊನ್ನೆ ಹಳ್ಳಿಯಿಂದ ಎಳೆದು ತಂದ ರೈತರ ಮಕ್ಕಳು. ಭಾನುವಾರ ಗುಂಡು ಹಾರಿಸಿದ ವೊಲಿನ್ಸ್ಕಿ ರೆಜಿಮೆಂಟಿನ ಹುಡುಗರೇ ಸೋಮವಾರ ಬೆಳಿಗ್ಗೆ, ಕಿರ್ಪಿಚ್ನಿಕೊವ್ ಎಂಬ ಸಾರ್ಜೆಂಟನ ಮುಂದಾಳುತನದಲ್ಲಿ, ಇನ್ನು ಹಾರಿಸುವುದಿಲ್ಲ ಎಂದರು. ಅವರ ಅಧಿಕಾರಿ ಹೆಣವಾದ. ಸಂಜೆಯೊಳಗೆ ನಗರವೇ ದಂಗೆಕೋರರದು. ಆ ಒಂದು ರಾತ್ರಿ ಆ ಹುಡುಗರು ಬರಾಕಿನಲ್ಲಿ ಏನು ಪಿಸುಗುಟ್ಟಿರಬಹುದು ಎಂದು ಯೋಚಿಸಿದಾಗೆಲ್ಲ ನನ್ನ ಮೈ ಜುಮ್ಮೆನ್ನುತ್ತದೆ.

ಈಗ ಮತ್ತೆ ಹಳಿಗೆ ಬನ್ನಿ. 28ರ ಮುಂಜಾನೆ ಐದಕ್ಕೆ ಝಾರ್ ಮೊಗಿಲೆವ್ ಬಿಟ್ಟ. ನೇರ ದಾರಿಯಲ್ಲಿ ಹೋಗಲಿಲ್ಲ! ಅದನ್ನು ದಂಗೆ ಅಡಗಿಸಲು ಹೊರಟ ಜನರಲ್ ಇವಾನೊವ್‌ನ ಪಡೆಗೆ ಬಿಟ್ಟುಕೊಟ್ಟು ತಾನು ಸ್ಮೊಲೆನ್ಸ್ಕ್, ವ್ಯಾಜ್ಮಾ ಸುತ್ತಿಕೊಂಡು ಹೊರಟ. ಆ ಪಡೆ ಏನನ್ನೂ ಮಾಡದೆ ಹಿಂದಿರುಗಿತು. ಅದೇ ದಿನ ರಾಜಧಾನಿಯಲ್ಲಿ ದೂಮಾ ಎಂಬ ಸಂಸತ್ತಿನ ಸದಸ್ಯನೊಬ್ಬ, ರೈಲ್ವೆ ಎಂಜಿನಿಯರ್, ಕೆಲವೇ ಸೈನಿಕರೊಂದಿಗೆ ರೈಲ್ವೆ ಸಚಿವಾಲಯಕ್ಕೆ ನುಗ್ಗಿದ. ಅಲ್ಲಿಂದ ರೈಲ್ವೆಯ ತಂತಿಯಲ್ಲೇ ದೇಶದ ನಿಲ್ದಾಣ ನಿಲ್ದಾಣಕ್ಕೂ ಸುದ್ದಿ ಕಳಿಸಿದ: ಅಧಿಕಾರ ಈಗ ದೂಮಾದ ಕೈಯಲ್ಲಿದೆ. ಅವನ ಹೆಸರು ಬುಬ್ಲಿಕೊವ್. ರಷ್ಯನ್ ಭಾಷೆಯಲ್ಲಿ ‘ಬುಬ್ಲಿಕ್’ ಎಂದರೆ ಬಳೆಯಾಕಾರದ ಬ್ರೆಡ್. ಬ್ರೆಡ್ಡಿಗಾಗಿ ಎದ್ದ ದಂಗೆಯ ಸುದ್ದಿಯನ್ನು ಊರೂರಿಗೆ ಹರಡಿದವನ ಹೆಸರಿನಲ್ಲೇ ಬ್ರೆಡ್!

ಮಾಲಯಾ ವಿಶೇರಾದಿಂದ ತಿರುಗಿದ ನೀಲಿ ರೈಲು ದ್ನೊ ಎಂಬ ಜಂಕ್ಷನ್ ದಾಟಿ ಪ್ಸ್ಕೊವ್ ಸೇರಿತು. ದ್ನೊ ಎಂದರೆ ‘ತಳ’. ಪ್ಸ್ಕೊವ್‌ನಲ್ಲಿ ನಿಂತಿದ್ದ ರೈಲಿಗೆ ಸೇನಾಪತಿಗಳ ತಂತಿಗಳು ಬಂದವು, ಎಲ್ಲರದೂ ಒಂದೇ ಮಾತು: ಸಿಂಹಾಸನ ಬಿಡಿ. ಮೊದಲು ಮಗನಿಗೆ ಬಿಟ್ಟುಕೊಡುತ್ತೇನೆಂದ. ಮಗನಿಗೆ ರಕ್ತ ಹೆಪ್ಪುಗಟ್ಟದ ಕಾಯಿಲೆ. ವೈದ್ಯನನ್ನು ಕರೆದು ಕೇಳಿದ, ಮನಸ್ಸು ಬದಲಿಸಿ ತಮ್ಮ ಮಿಖಾಯಿಲ್‌ನ ಹೆಸರು ಬರೆಸಿದ. ಮಾರ್ಚ್ 2ರ ರಾತ್ರಿ, ಬೆರಳಚ್ಚು ಮಾಡಿದ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಸಹಿ. ರೈಲಿನ ಬೋಗಿಯಲ್ಲಿ! ಮರುದಿನ ಮಿಖಾಯಿಲ್ ಕೂಡ ಒಲ್ಲೆ ಎಂದ. 1613ರಲ್ಲಿ ರೊಮಾನೊವ್ ವಂಶ ಶುರುವಾದದ್ದು ಮಿಖಾಯಿಲ್ ಎಂಬ ಹುಡುಗನಿಂದ, 304 ವರ್ಷಗಳ ಮೇಲೆ ಮುಗಿದದ್ದು ಇನ್ನೊಬ್ಬ ಮಿಖಾಯಿಲ್‌ನಿಂದ.

ಸಹಿಯ ನಂತರ ರೈಲು ಮೊಗಿಲೆವ್‌ಗೆ ಹೊರಟಿತು. ಈ ಸಲ ಅದನ್ನು ಯಾರೂ ತಡೆಯಲಿಲ್ಲ. ಆ ದಿನದ ಬಗ್ಗೆ ನಿಕೊಲಾಸ್ ದಿನಚರಿಯಲ್ಲಿ ಬರೆದುಕೊಂಡಿದ್ದಾನೆ: ತುಂಬಾ ಹೊತ್ತು ಗಾಢ ನಿದ್ದೆ ಮಾಡಿದನಂತೆ. ಎದ್ದು ನೋಡಿದರೆ ದ್ವಿನ್ಸ್ಕ್ ಎಂದೋ ದಾಟಿತ್ತು. ಆಮೇಲೆ ಕಿಟಕಿಯಾಚೆ ಹಿಮದ ಬಯಲು ಓಡುತ್ತಿರಲು, ಅವನು ಬಹಳ ಹೊತ್ತು ಓದುತ್ತ ಕುಳಿತ. ಓದಿದ್ದು ಜೂಲಿಯಸ್ ಸೀಸರನ ಬಗ್ಗೆ. ಆ ಸೀಸರ್ ಎಂಬ ಹೆಸರೇ ಸವೆದು ಸವೆದು ರಷ್ಯನ್ನರ ಬಾಯಲ್ಲಿ ‘ಝಾರ್’ ಆಗಿತ್ತು.